ಎರಡು ನಾಲಗೆಯ ‘ಡಸ್ಟ್’

ಮೊನ್ನೆ ನನ್ನ ಮೊಮ್ಮಗಳು ಕೇಕು ಮಾಡುವ ಹುರುಪಿನಲ್ಲಿ ಇಂಗ್ಲಿಷ್ ಪಾಕಪುಸ್ತಕವೊಂದನ್ನು ಹಿಡಿದು ಅಡುಗೆಮನೆ ಸೇರಿದಳು. ಸ್ವಲ್ಪ ಹೊತ್ತಿನಲ್ಲಿಯೇ ಹೊರಗೆ ಬಂದು, “ತಾತ, ಕೇಕಿನ ಮೇಲಿನ ಸಕ್ಕರೆಯನ್ನು ಒರೆಸಬೇಕಂತೆ. ನಾನಿನ್ನೂ ಸಕ್ಕರೆ ಹಾಕಿಯೇ ಇಲ್ಲವಲ್ಲ!” ಎಂದಳು. ಪುಸ್ತಕ ತೆಗೆದುಕೊಂಡು ನೋಡಿದೆ. ಅಲ್ಲಿದ್ದುದು ‘ಡಸ್ಟ್’ ಎಂಬ ಕ್ರಿಯಾಪದ. ಮೇಜು ಕುರ್ಚಿಗಳನ್ನು ‘ಡಸ್ಟ್’ ಮಾಡುವುದೆಂದರೆ ಧೂಳು ತೆಗೆಯುವುದೆಂದು ಕಲಿತ ಹುಡುಗಿಗೆ, ಕೇಕನ್ನು ‘ಡಸ್ಟ್’ ಮಾಡುವುದೆಂದರೆ ಅದರ ಮೇಲೆ ಸಕ್ಕರೆಪುಡಿಯನ್ನು ತೆಳುವಾಗಿ ಉದುರಿಸುವುದೆಂದು ಹೇಗೆ ತಿಳಿಯಬೇಕು?

ತೆಗೆಯುವುದಕ್ಕೂ ಹಾಕುವುದಕ್ಕೂ ಒಂದೇ ಮಾತು! ಇಂಗ್ಲಿಷಿನಲ್ಲಿ ನಾಮಪದವನ್ನು ಹಾಗೆಹಾಗೆಯೇ ಕ್ರಿಯಾಪದ ಮಾಡಿಕೊಳ್ಳುವ ರೂಢಿಯುಂಟು. ಆ ವಸ್ತುವನ್ನು ಕೊಡಬೇಕೋ ಕಳೆಯಬೇಕೋ ಎಂಬುದನ್ನು ಸಂದರ್ಭವೇ ಹೇಳಬೇಕು. ಹಣ್ಣನ್ನು ‘ಸ್ಟೋನ್’ ಮಾಡಿದರೆ ಅದರೊಳಗಿನ ಗಟ್ಟಿ ಬೀಜವನ್ನು ತೆಗೆದಂತಾಯಿತು. ಮನುಷ್ಯನನ್ನು ‘ಸ್ಟೋನ್’ ಮಾಡಿದರೆ ಅವನಿಗೆ ಕಲ್ಲು ಹೊಡೆದಂತಾಯಿತು. ‘ಡಸ್ಟ್’ ಸಹ ಇದೇ ಜಾತಿಯದು. ಮನೆಯಾಕೆ ಕಪಾಟನ್ನು ‘ಡಸ್ಟ್’ ಮಾಡಿದರೆ ಬೆರಳ ಗುರುತು ಅಳಿಸುತ್ತದೆ. ಕಳ್ಳತನವಾದ ಮರುದಿನ ಪೊಲೀಸರು ಬಂದು ಅದೇ ಕಪಾಟನ್ನು ‘ಡಸ್ಟ್’ ಮಾಡಿದರೆ, ಅವರು ಎರಚಿದ ಪುಡಿ ಅಂಟಿಕೊಂಡು ಬೆರಳ ಗುರುತು ಎದ್ದು ಕಾಣುತ್ತದೆ. ಬೆಳೆಗೆ ಔಷಧಿಯ ಪುಡಿ ಎರಚುವುದಕ್ಕೂ ಇದೇ ಹೆಸರು. 1921ರ ಆಗಸ್ಟ್ 3ರಂದು ಅಮೆರಿಕದ ಓಹಾಯೋ ಪ್ರಾಂತದಲ್ಲಿ ಹುಳು ಬಿದ್ದ ಮರಗಳ ತೋಪೊಂದರ ಮೇಲೆ ವಿಮಾನದಿಂದ ವಿಷದ ಪುಡಿಯನ್ನು ಸುರಿಸಿದರು. ಅಲ್ಲಿಂದ ಮುಂದೆ ‘ಡಸ್ಟಿಂಗ್’ ಆಕಾಶವನ್ನೂ ಏರಿತು.

ಇಂಥ ಪದದ ಹುಟ್ಟನ್ನು ಹುಡುಕಿ ಹೊರಟರೆ ಇನ್ನೊಂದು ಸೋಜಿಗ ಕಾದಿದೆ. ‘ಡಸ್ಟ್’ ಹಳೆಯ ಇಂಗ್ಲಿಷಿನಲ್ಲಿಯೂ ಇದ್ದ ಪದ. ಮೋಡದಂತೆ ಮೇಲೇಳುವುದು ಎಂಬುದೇ ಅದರ ಮೂಲಭಾವವಾಗಿರಬೇಕೆಂದು ನಿಘಂಟುಕಾರರ ಊಹೆ. ಹೊಗೆ, ಹಬೆ, ಧೂಳು ಎಂಬ ಅರ್ಥಗಳ ಪ್ರಾಚೀನ ಧಾತುವೊಂದರಿಂದ ಅದು ಬಂದಿತೆಂದೂ, ಅಲುಗಿಸು, ಕೊಡಹು ಎಂಬರ್ಥದ ಸಂಸ್ಕೃತದ ‘ಧೂ’ ಸಹ ಅದೇ ಬುಡದ ಕೊಂಬೆಯೆಂದೂ ಭಾಷಾವಿದರು ಹೇಳುತ್ತಾರೆ. ನಮ್ಮ ‘ಧೂಳು’ ಸಂಸ್ಕೃತದ ‘ಧೂಲಿ’ಯಿಂದ ಬಂದದ್ದು. ಹಾಗಾದರೆ ‘ಡಸ್ಟ್’ ಪರಕೀಯನೇನೂ ಅಲ್ಲ, ದೂರದ ದಾಯಾದಿ!

ಆದರೆ ದಾಯಾದಿಗಳ ಮನೆಯ ರೀತಿ ಬೇರೆ. ಕನ್ನಡಿಗರು ಬೀದಿಯದನ್ನು ಧೂಳು ಎನ್ನುತ್ತಾರೆ, ಅರೆದದ್ದನ್ನು ಪುಡಿ ಅಥವಾ ಹುಡಿ ಎನ್ನುತ್ತಾರೆ, ಗರಗಸದಿಂದ ಉದುರಿದ್ದನ್ನು ಹೊಟ್ಟು ಎನ್ನುತ್ತಾರೆ, ಒಲೆಯದನ್ನು ಬೂದಿ ಎನ್ನುತ್ತಾರೆ. ಇಂಗ್ಲಿಷಿನವರು ಇವೆಲ್ಲವನ್ನೂ ಒಂದಲ್ಲ ಒಂದು ಕಾಲದಲ್ಲಿ ‘ಡಸ್ಟ್’ ಎಂದೇ ಕರೆದಿದ್ದಾರೆ.

ಬೂದಿಯ ಸಂಗತಿಯನ್ನೇ ನೋಡಿ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಮನೆಮನೆಯಲ್ಲೂ ಕಲ್ಲಿದ್ದಲಿನ ಒಲೆ. ಆ ಒಲೆಗಳ ಬೂದಿಗೂ ಅದರೊಡನೆ ಎಸೆದ ಕಸಕ್ಕೂ ‘ಡಸ್ಟ್’ ಎಂದೇ ಹೆಸರು. ಅದನ್ನು ತುಂಬುವ ತೊಟ್ಟಿ ‘ಡಸ್ಟ್‌ಬಿನ್’. ಗಾಡಿಯಲ್ಲಿ ಸಾಗಿಸುವವನು ‘ಡಸ್ಟ್‌ಮನ್’. ಊರ ಅಂಚಿನಲ್ಲಿ ಗುಡ್ಡದಂತೆ ಒಟ್ಟಿದ ಆ ರಾಶಿಗಳ ಬುಡದಲ್ಲಿ ಹೆಂಗಸರು ದಿನವಿಡೀ ನಿಂತು ಜರಡಿ ಹಿಡಿಯುತ್ತಿದ್ದರು. ನಯವಾದ ಬೂದಿ ಇಟ್ಟಿಗೆಯ ಜೇಡಿಮಣ್ಣಿಗೆ ಸೇರುತ್ತಿತ್ತು. ಅರೆಬೆಂದ ಇದ್ದಲು ಇಟ್ಟಿಗೆ ಸುಡಲು ಹೋಗುತ್ತಿತ್ತು. ಚಾರ್ಲ್ಸ್ ಡಿಕನ್ಸ್ 1864-65ರಲ್ಲಿ ತಿಂಗಳಿಗೊಂದು ಕಂತಿನಂತೆ ಪ್ರಕಟಿಸಿದ ‘ಅವರ್ ಮ್ಯೂಚುಯಲ್ ಫ್ರೆಂಡ್’ ಕಾದಂಬರಿಯಲ್ಲಿ ಇಂಥ ಕಸದ ಗುಡ್ಡಗಳಿಂದ ಬಂದ ಐಶ್ವರ್ಯದ ಸುತ್ತಲೇ ಕಥೆ ಸುತ್ತುತ್ತದೆ. ಒಬ್ಬರ ಮನೆಯಿಂದ ಹೊರಬಿದ್ದ ‘ಡಸ್ಟ್’ ಇನ್ನೊಬ್ಬರ ತಿಜೋರಿ ತುಂಬಿತು. ಜರಡಿ ಹಿಡಿದ ಹೆಂಗಸಿನ ಪಾಲಿಗೆ ಬಂದದ್ದು ದಿನಗೂಲಿ, ಜೊತೆಗೆ ಮೈತುಂಬ ಬೂದಿ. ಕಲ್ಲಿದ್ದಲಿನ ಒಲೆ ಹೋಯಿತು. ಡಸ್ಟ್‌ಬಿನ್ ಮಾತ್ರ ನಮ್ಮ ಮನೆಗಳವರೆಗೂ ಬಂದು ಕನ್ನಡದ ಮಾತೇ ಆಗಿಬಿಟ್ಟಿದೆ.

ಇನ್ನೊಂದು ‘ಡಸ್ಟ್’ ಅನ್ನು ನಾವು ದಿನವೂ ಕುಡಿಯುತ್ತೇವೆ. ಚಹಾ ಕಾರ್ಖಾನೆಯಲ್ಲಿ ಸಿದ್ಧವಾದ ಸೊಪ್ಪನ್ನು ಜರಡಿಯಾಡಿಸಿದಾಗ ಕಟ್ಟಕಡೆಗೆ ಉಳಿಯುವ ಅತಿ ಸಣ್ಣ ಕಣಗಳಿಗೆ ವ್ಯಾಪಾರದಲ್ಲಿ ‘ಡಸ್ಟ್’ ಎಂದೇ ಹೆಸರು. ಕೇಳಲು ಹೀನಾಯ, ಆದರೆ ಬೇಗ ಬಣ್ಣ ಬಿಡುತ್ತದೆ, ಹಾಲು ಬೆರೆಸಿದರೂ ಕಡುವಾಗಿಯೇ ಇರುತ್ತದೆ. ದಕ್ಷಿಣ ಭಾರತದ ಹೋಟೆಲುಗಳಿಗೆ ಇದೇ ಅಚ್ಚುಮೆಚ್ಚು. ನಮ್ಮ ಜನ ಅದನ್ನು ‘ಟೀ ಪುಡಿ’ ಎಂದರೇ ಹೊರತು ಧೂಳು ಎನ್ನಲಿಲ್ಲ. ಬಾಯಿಗೆ ಹೋಗುವ ವಸ್ತುವಿಗೆ ಮರ್ಯಾದೆಯ ಹೆಸರಿರಲಿ ಎಂದು ತೋರಿರಬೇಕು!

ನುಡಿಗಟ್ಟುಗಳಲ್ಲಿಯೂ ಹೋಲಿಕೆಗಳುಂಟು. ಇಂಗ್ಲಿಷಿನವನು ಮೋಸ ಮಾಡುವಾಗ ಕಣ್ಣಿಗೆ ‘ಡಸ್ಟ್’ ಎರಚುತ್ತಾನೆ, ನಾವು ಮಣ್ಣೆರಚುತ್ತೇವೆ. ಸೋತವನು ಅಲ್ಲಿ ‘ಡಸ್ಟ್’ ಕಚ್ಚುತ್ತಾನೆ. ಇಲ್ಲಿ ಮಣ್ಣು ಮುಕ್ಕುತ್ತಾನೆ. ಕ್ರೈಸ್ತರ ಶವಸಂಸ್ಕಾರದ ಇಂಗ್ಲಿಷ್ ಪ್ರಾರ್ಥನೆಯಲ್ಲಿ ಮನುಷ್ಯದೇಹಕ್ಕೂ ಇದೇ ಹೆಸರು; ನಾವು ಸಹ ಸತ್ತವರನ್ನು ‘ಮಣ್ಣು ಮಾಡುತ್ತೇವೆ’. ಆದರೆ ಗೋಧೂಳಿಯ ಮುಹೂರ್ತ, ಹಿರಿಯರ ಪಾದಧೂಳಿ ಇವುಗಳಲ್ಲಿರುವ ಪಾವಿತ್ರ್ಯವನ್ನು ‘ಡಸ್ಟ್’ ಎಂಬ ಪದದಿಂದ ತರುವುದು ಕಷ್ಟ.

ಬಹಳ ಬೇಡಿಕೆಯಿದ್ದು ಕೈಗೆ ಸಿಗದ ವಸ್ತುವನ್ನು ಇಂಗ್ಲಿಷಿನಲ್ಲಿ ‘ಗೋಲ್ಡ್ ಡಸ್ಟ್’, ಅಂದರೆ ಚಿನ್ನದ ಹುಡಿ, ಎನ್ನುತ್ತಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಕೋಲಾರದ ಚಿನ್ನದ ಗಣಿ. ಅಲ್ಲಿ ಚಿನ್ನ ಗಟ್ಟಿಗಟ್ಟಿಯಾಗಿ ಸಿಗುತ್ತಿರಲಿಲ್ಲ. ಬೆಣಚುಕಲ್ಲಿನಲ್ಲಿ ಸಣ್ಣ ಸಣ್ಣ ಕಣಗಳಾಗಿ ಹುದುಗಿತ್ತು. ಮೂರು ಕಿಲೋಮೀಟರಿಗೂ ಆಳದವರೆಗೆ ಇಳಿದು, ಕಲ್ಲು ಕೊರೆದು, ಮೇಲೆ ತಂದು, ಕುಟ್ಟಿ ಹಿಟ್ಟು ಮಾಡಿದ ಮೇಲೆ ಟನ್ನಿಗೆ ಕೆಲವು ಗ್ರಾಮುಗಳ ಲೆಕ್ಕದಲ್ಲಿ ಚಿನ್ನ ದೊರೆಯುತ್ತಿತ್ತು. ಚಿನ್ನದ ಕಣ ಒಡೆಯರಿಗೆ ಹೋಯಿತು. ಕಲ್ಲಿನ ಕಣ ಎಲ್ಲಿಗೆ ಹೋಯಿತು?

ಬೆಣಚುಕಲ್ಲನ್ನು ಕೊರೆದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳಿರುತ್ತವೆ. ಬೀದಿಯ ದಪ್ಪ ಧೂಳನ್ನು ಮೂಗು ತಡೆಯುತ್ತದೆ, ಇದನ್ನು ತಡೆಯದು. ಅದು ಶ್ವಾಸಕೋಶದ ಆಳಕ್ಕಿಳಿದು ನೆಲೆನಿಲ್ಲುತ್ತದೆ. ಸುತ್ತಲಿನ ಮೃದುವಾದ ಭಾಗ ಗಾಯದ ಕಲೆಯಂತೆ ಗಡುಸಾಗುತ್ತದೆ. ವರ್ಷ ಕಳೆದಂತೆ ಉಸಿರು ಮೊಟಕಾಗುತ್ತದೆ. ಸಿಲಿಕೋಸಿಸ್ ಎಂಬ ಈ ರೋಗ ಒಮ್ಮೆ ಬಂದರೆ ವಾಸಿಯಾಗುವಂಥದಲ್ಲ. 1940ರ ದಶಕದಲ್ಲಿ ವೈದ್ಯರು ಕೋಲಾರದ ಸಾವಿರಾರು ಗಣಿಕಾರ್ಮಿಕರನ್ನು ಪರೀಕ್ಷಿಸಿದಾಗ ಬಹಳ ಮಂದಿಯ ಎದೆಯಲ್ಲಿ ಅದು ಮನೆ ಮಾಡಿತ್ತು. ಗಣಿ 2001ರಲ್ಲಿ ಮುಚ್ಚಿತು. ಚಿನ್ನ ತೆಗೆದುಕೊಂಡು ಎಸೆದ ಕಲ್ಲಿನ ಹಿಟ್ಟು ಊರ ಪಕ್ಕದಲ್ಲಿ ಗುಡ್ಡಗಳಾಗಿ ಉಳಿಯಿತು. ಗಾಳಿ ಬೀಸಿದಾಗ ಅದು ಮನೆಗಳೊಳಕ್ಕೆ ನುಗ್ಗುವುದು ಆ ಊರಿನವರಿಗೆ ಹೊಸತಲ್ಲ.

ಮೇಜಿನ ಮೇಲಿನ ‘ಡಸ್ಟ್’ ಅನ್ನು ಬಟ್ಟೆಯಿಂದ ಒರೆಸಬಹುದು. ಎದೆಯೊಳಗಿನದನ್ನು ಒರೆಸುವ ಬಟ್ಟೆಯಿಲ್ಲ. ಕಲ್ಲು ಕೊರೆಯುವಾಗ ನೀರು ಹಾಯಿಸಿ, ಧೂಳು ಏಳದಂತೆ ಮೊದಲೇ ತಡೆಯುವುದೊಂದೇ ದಾರಿ. ಇಂದಿಗೂ ಕಲ್ಲುಕ್ವಾರಿಗಳಲ್ಲಿ, ಕಲ್ಲು ಕತ್ತರಿಸುವ ಅಂಗಳಗಳಲ್ಲಿ ಬಾಯಿಗೆ ಬರಿಯ ಟವೆಲು ಸುತ್ತಿಕೊಂಡು ದುಡಿಯುವವರನ್ನು ಕಂಡಾಗ ಈ ಮಾತನ್ನು ನೆನೆಯಬೇಕು. ನಮ್ಮ ಮನೆಯ ನುಣುಪು ನೆಲದ ಕಲ್ಲು ಅಂಥವರ ಕೈಯಿಂದಲೇ ಬಂದದ್ದು.

ಇಷ್ಟೆಲ್ಲವನ್ನೂ ನಾನು ಮೊಮ್ಮಗಳಿಗೆ ಹೇಳಿ ಮುಗಿಸುವ ವೇಳೆಗೆ ಕೇಕು ಆರಿತ್ತು. ಅವಳು ಜರಡಿ ಹಿಡಿದು ಸಕ್ಕರೆಪುಡಿಯನ್ನು ಉದುರಿಸಿದಳು. ಅರ್ಧ ಕೇಕಿನ ಮೇಲೆ, ಅರ್ಧ ಮೇಜಿನ ಮೇಲೆ ಬಿತ್ತು. “ಮೇಜನ್ನು ಡಸ್ಟ್ ಮಾಡೇ” ಎಂದಳು ಅವಳ ಅಜ್ಜಿ. ಹುಡುಗಿ ಜರಡಿಯನ್ನು ಕೈಯಲ್ಲೇ ಹಿಡಿದು ಕೇಳಿದಳು: “ಇನ್ನೂ ಹಾಕಬೇಕೆ ಅಜ್ಜಿ, ತೆಗೆಯಬೇಕೆ?”