ಮನೆಯ ಮೀನಿನ ತೊಟ್ಟಿ: ಜೊತೆಗಾರರು ಸರಿಯಿದ್ದರೆ ಮೀನಿಗೂ ಕ್ಷೇಮ, ಮನೆಗೂ ಕ್ಷೇಮ



ಮುಂಬಯಿಯಲ್ಲಿ ಬೆಳೆದ ನಮ್ಮಲ್ಲಿ ಅನೇಕರು ಬಣ್ಣದ ಮೀನುಗಳನ್ನು ಮೊದಲು ಕಂಡದ್ದು ಮರೀನ್ ಡ್ರೈವ್‌ನಲ್ಲಿ 1951ರಲ್ಲಿ ತೆರೆದ ತಾರಾಪೋರ್‌ವಾಲಾ ಮತ್ಸ್ಯಾಲಯದಲ್ಲಿ. ಈಗ ಕ್ರಾಫರ್ಡ್ ಮಾರ್ಕೆಟಿನಿಂದಲೋ ಕುರ್ಲಾದಿಂದಲೋ ಮೀನು ತಂದು ಮನೆಯ ಹಾಲ್‌ನಲ್ಲೇ ತೊಟ್ಟಿ ಇಡುತ್ತೇವೆ. ಒಳ್ಳೆಯದೇ. ಇಂಗ್ಲೆಂಡಿನ ಪ್ಲಿಮತ್ ಮತ್ಸ್ಯಾಲಯದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೀನುಗಳನ್ನು ನೋಡುತ್ತಾ ಕುಳಿತವರ ಹೃದಯ ಬಡಿತ ಮತ್ತು ರಕ್ತದೊತ್ತಡ ಇಳಿದದ್ದು ಕಂಡುಬಂತು. ಆದರೆ ಬಣ್ಣ ನೋಡಿ ಸಿಕ್ಕಿದ್ದನ್ನೆಲ್ಲ ಒಂದೇ ತೊಟ್ಟಿಗೆ ಹಾಕಿದರೆ ಹದಿನೈದು ದಿನದಲ್ಲಿ ಅರ್ಧ ಮೀನು ಸಾಯುತ್ತವೆ, ಮಕ್ಕಳು ಅಳುತ್ತಾರೆ, ಕೊಳೆತ ನೀರಿನಿಂದ ಮನೆಯವರಿಗೂ ತೊಂದರೆ.

*ಮೊದಲು ನೀರು ನೋಡಿ*
ತಾನ್ಸಾ, ಭಾತ್ಸಾ, ವೈತರಣಾ ಜಲಾಶಯಗಳಿಂದ ಬರುವ ಪಾಲಿಕೆಯ ನೀರು ಮೃದು. ಇದು ಟೆಟ್ರಾ, ರಾಸ್ಬೋರಾ ಜಾತಿಗಳಿಗೆ ಒಗ್ಗುತ್ತದೆ. ಟ್ಯಾಂಕರ್ ಅಥವಾ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಅಲ್ಲಿ ಗಪ್ಪಿ, ಪ್ಲಾಟಿ, ಮೋಲಿ ಚೆನ್ನಾಗಿರುತ್ತವೆ. ನಲ್ಲಿ ನೀರಿನ ಕ್ಲೋರಿನ್ ತೆಗೆಯಲು ಅಂಗಡಿಯಲ್ಲಿ ಸಿಗುವ ಆಂಟಿ-ಕ್ಲೋರಿನ್ ಹನಿ ಹಾಕಿ. ಹೊಸ ತೊಟ್ಟಿಗೆ ಅದೇ ದಿನ ಮೀನು ಬಿಡಬೇಡಿ. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯಾವನ್ನು ಅರಗಿಸುವ ಸೂಕ್ಷ್ಮಜೀವಿಗಳು ಫಿಲ್ಟರ್‌ನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು.

*ಯಾರ ಜೊತೆ ಯಾರು ಬೇಡ*
1. ಫೈಟರ್ ಮತ್ತು ಗಪ್ಪಿ: ಗಪ್ಪಿಯ ಉದ್ದ ಬಾಲ ಕಂಡರೆ ಫೈಟರ್ ಮೈಮೇಲೆ ಏರಿ ಹೋಗುತ್ತದೆ. ಎರಡು ಗಂಡು ಫೈಟರ್ ಒಟ್ಟಿಗೆ ಬೇಡವೇ ಬೇಡ.
2. ಟೈಗರ್ ಬಾರ್ಬ್ ಮತ್ತು ಏಂಜೆಲ್: ಬಾರ್ಬ್ ರೆಕ್ಕೆ ಕಚ್ಚುತ್ತದೆ.
3. ಏಂಜೆಲ್ ಮತ್ತು ಸಣ್ಣ ಟೆಟ್ರಾ ಅಥವಾ ಸಿಗಡಿ: ಏಂಜೆಲ್ ದೊಡ್ಡದಾದ ಮೇಲೆ ಬಾಯಿಗೆ ಹಿಡಿಸುವುದನ್ನೆಲ್ಲ ನುಂಗುತ್ತದೆ.
4. ಗೋಲ್ಡ್ ಫಿಶ್ ಮತ್ತು ಉಷ್ಣವಲಯದ ಸಣ್ಣ ಮೀನು: ಗೋಲ್ಡ್ ಫಿಶ್‌ಗೆ ತಂಪು ನೀರು ಬೇಕು, ಗಲೀಜೂ ಜಾಸ್ತಿ.
5. 'ಕ್ಲೀನರ್' ಎಂದು ಮಾರುವ ಸಕ್ಕರ್ ಮೀನು: ಬೆರಳುದ್ದ ತಂದದ್ದು ಒಂದು ಅಡಿ ಮೀರಿ ಬೆಳೆಯುತ್ತದೆ. ಬೇಡವಾಯಿತೆಂದು ಪವಯಿ ಕೆರೆಗೋ ಬಾವಿಗೋ ಬಿಡಬೇಡಿ. ಅಲ್ಲಿನ ಸ್ಥಳೀಯ ಮೀನುಗಳಿಗೆ ಅದು ಕಂಟಕ.

*ಸಿಗಡಿ ಸಾಕುವವರಿಗೆ*
ಇದು ಊರಿನ ಚಟ್ನಿಯ ಎಟ್ಟಿ ಅಲ್ಲ; ಒಂದು ಇಂಚಿನ ಕೆಂಪು ಚೆರ್ರಿ ಸಿಗಡಿ. ಪಾಚಿ, ಉಳಿದ ಆಹಾರ ತಿಂದು ತೊಟ್ಟಿ ಚೊಕ್ಕಟ ಇಡುತ್ತದೆ. ಬಾಯಿ ಚಿಕ್ಕದಿರುವ ಎಂಬರ್ ಟೆಟ್ರಾ, ಸಣ್ಣ ರಾಸ್ಬೋರಾಗಳ ಜೊತೆ ಬಾಳುತ್ತದೆ. ಮರಿಗಳನ್ನು ಮಾತ್ರ ಹೆಚ್ಚುಕಡಿಮೆ ಎಲ್ಲ ಮೀನೂ ತಿನ್ನುತ್ತವೆ. ಅಡಗಲು ಜಾವಾ ಮಾಸ್ ಹಾಕಿ. ತಾಮ್ರವಿರುವ ಮೀನಿನ ಔಷಧಿ ಸಿಗಡಿಗೆ ವಿಷ. ಮೇ ತಿಂಗಳ ಸೆಖೆಯಲ್ಲಿ ನೀರು 30 ಡಿಗ್ರಿ ದಾಟಿದರೆ ಏರ್ ಪಂಪ್ ಸದಾ ಓಡಲಿ.

ಎರಡು ಅಡಿ ಉದ್ದ, ಒಂದೊಂದು ಅಡಿ ಅಗಲ-ಎತ್ತರದ ತೊಟ್ಟಿಗೆ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಅದಕ್ಕೆ ಎಂಟು ಎಂಬರ್ ಟೆಟ್ರಾ, ನಾಲ್ಕು ಗಂಡು ಗಪ್ಪಿ, ಹತ್ತು ಸಿಗಡಿ ಸಾಕು. ಗಪ್ಪಿ ಹೆಣ್ಣು-ಗಂಡು ಎರಡೂ ತಂದರೆ ಕೆಲವೇ ತಿಂಗಳಲ್ಲಿ ಮರಿಗಳಿಂದ ತೊಟ್ಟಿ ತುಂಬುತ್ತದೆ.

*ಡೆಂಗ್ಯೂ ವಿಷಯ: ಇದನ್ನು ತಪ್ಪದೇ ಓದಿ*
ಸೊಳ್ಳೆ ಮರಿ ತಿನ್ನುವುದಕ್ಕಾಗಿಯೇ ಪಾಲಿಕೆಯವರು ಗಪ್ಪಿ ಮೀನು ಬಿಡುವುದುಂಟು. ಹಾಗಾಗಿ ಮೀನಿರುವ ತೊಟ್ಟಿಯಲ್ಲಿ ಸೊಳ್ಳೆ ಬೆಳೆಯುವ ಭಯ ಕಡಿಮೆ. ಆದರೆ ಚೆರ್ರಿ ಸಿಗಡಿ ಮೀನಿನಂತೆ ಸೊಳ್ಳೆ ಮರಿಯನ್ನು ಬೇಟೆಯಾಡುವುದಿಲ್ಲ. ಬರೀ ಸಿಗಡಿ ಇರುವ ನಿಂತ ನೀರಿನ ಬೌಲ್, ಮೀನು ಸತ್ತು ಖಾಲಿ ಬಿದ್ದ ತೊಟ್ಟಿ, ಬಾಲ್ಕನಿಯ ಬಕೆಟ್ ಇವೆಲ್ಲ ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ತೊಟ್ಟಿಲು. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಸಿಗಡಿ ಬೌಲ್‌ಗೆ ಸಣ್ಣ ಜಾಲರಿ ಮುಚ್ಚಿ. ಖಾಲಿ ತೊಟ್ಟಿಯನ್ನು ಒರೆಸಿ ಒಣಗಿಸಿ ಕವುಚಿಡಿ.

ಇನ್ನೊಂದು ಮಾತು. ಸೊಳ್ಳೆ ಸ್ಪ್ರೇಗಳಲ್ಲಿ ಸಾಮಾನ್ಯವಾಗಿರುವ ಪೈರೆಥ್ರಾಯ್ಡ್ ಮೀನಿಗೂ ಸಿಗಡಿಗೂ ಮಾರಕ. ಸೊಸೈಟಿಯಲ್ಲಿ ಹೊಗೆ ಬಿಡುವಾಗ ಕಿಟಕಿ ಮುಚ್ಚಿ, ತೊಟ್ಟಿಗೆ ಒದ್ದೆ ಬಟ್ಟೆ ಹೊದಿಸಿ, ಏರ್ ಪಂಪ್ ಅರ್ಧ ಗಂಟೆ ನಿಲ್ಲಿಸಿ. ಕೋಣೆಯ ಗಾಳಿಯನ್ನು ನೀರಿಗೆ ಎಳೆಯುವುದು ಅದೇ.

*ನಮ್ಮ ಕೈಗಳ ಕಾಳಜಿ*
• ಕೈಯಲ್ಲಿ ಗಾಯವಿದ್ದರೆ ತೊಟ್ಟಿಗೆ ಕೈ ಹಾಕಬೇಡಿ, ಗ್ಲೌಸ್ ಧರಿಸಿ. ಮೈಕೋಬ್ಯಾಕ್ಟೀರಿಯಂ ಮೆರೈನಮ್ ಎಂಬ ಕ್ಷಯದ ಕುಲದ ರೋಗಾಣು ಗಾಯದ ಮೂಲಕ ಒಳಹೊಕ್ಕು, ಕೆಲವು ವಾರಗಳ ನಂತರ ಬೆರಳು, ಕೈಯಲ್ಲಿ ಗಂಟು ಎಬ್ಬಿಸುತ್ತದೆ. ಇದು ಅಪರೂಪ, ಆದರೆ ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಮಾಯದ ಗಂಟು ಕಂಡರೆ "ಮನೆಯಲ್ಲಿ ಮೀನಿನ ತೊಟ್ಟಿ ಇದೆ" ಎಂದು ವೈದ್ಯರಿಗೆ ಮೊದಲೇ ಹೇಳಿ. ಆ ಒಂದು ಮಾತಿನಿಂದ ರೋಗ ಬೇಗ ಪತ್ತೆಯಾಗಬಹುದು.
• ನೀರು ಬದಲಿಸಲು ಪೈಪನ್ನು ಬಾಯಲ್ಲಿ ಎಳೆಯಬೇಡಿ. ತೊಟ್ಟಿಯ ನೀರನ್ನು ಅಡುಗೆಮನೆಯ ಸಿಂಕ್‌ಗೆ ಸುರಿಯಬೇಡಿ. ಗಿಡಕ್ಕೆ ಹಾಕಿ, ಒಳ್ಳೆಯ ಗೊಬ್ಬರ.
• ಕೆಲಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ. ಸಾಲ್ಮೊನೆಲ್ಲಾ ಭಯವಿರುವುದರಿಂದ ಐದು ವರ್ಷದೊಳಗಿನ ಮಕ್ಕಳು ತೊಟ್ಟಿಯ ನೀರಲ್ಲಿ ಆಡದಿರಲಿ.
• ನೀರಿಗೆ ಕೈ ಹಾಕುವ ಮೊದಲು ಪ್ಲಗ್ ತೆಗೆಯಿರಿ.

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ಅಂಗಡಿಗೆ ಹೋಗುವ ಮುಂಚೆ ಈ ಪಟ್ಟಿಯನ್ನು ಮಕ್ಕಳೊಂದಿಗೆ ಕುಳಿತು ಓದಿ. ಮೀನನ್ನು ಅವರೇ ಆರಿಸಲಿ.

ತೊಟ್ಟಿ ಇಟ್ಟಿರುವ ಬಂಧುಮಿತ್ರರಿಗೆ, ನಿಮ್ಮ ಸೊಸೈಟಿಯ ಗುಂಪಿಗೆ ಕಳುಹಿಸಿ. ಮಳೆಗಾಲದಲ್ಲಿ ಒಂದು ಮನೆಯ ಖಾಲಿ ತೊಟ್ಟಿ ಇಡೀ ಕಟ್ಟಡಕ್ಕೆ ಜ್ವರ ತರಬಹುದು.

ಸರ್ವೇ ಜನಾಃ ಸುಖಿನೋ ಭವಂತು 🙏