ಬಿಲದ ಮೊಲ, ಬಯಲಿನ ಮೊಲ

ಮೊಲವೆಂದರೆ ಬಿಲದಲ್ಲಿ ವಾಸಮಾಡುವ ಪ್ರಾಣಿಯೆಂದು ಬಹುಮಂದಿ ತಿಳಿದಿರುತ್ತಾರೆ. ಆದರೆ ನಮ್ಮ ಊರುಗಳ ಹೊಲದಂಚಿನಲ್ಲಿ ಓಡುವ ಮೊಲವಾಗಲಿ, ಇಲ್ಲಿ ದಿಲ್ಲಿಯ ರಿಡ್ಜ್ ಕಾಡಿನಲ್ಲಿ, ಅಸೋಲಾ ಭಟ್ಟಿ ಅಭಯಾರಣ್ಯದಲ್ಲಿ ಇರುವ ಮೊಲವಾಗಲಿ ಬಿಲ ತೋಡುವುದಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಿಸುವ ಮೊದಲು, ಮೊಲಗಳಲ್ಲಿ ಎರಡು ಬಗೆ ಉಂಟೆಂಬುದನ್ನು ನಾವು ತಿಳಿಯಬೇಕು.

ಇಂಗ್ಲಿಷಿನವರು ಒಂದನ್ನು ರ‍್ಯಾಬಿಟ್ ಎಂದೂ ಇನ್ನೊಂದನ್ನು ಹೇರ್ ಎಂದೂ ಕರೆಯುತ್ತಾರೆ. ಕನ್ನಡದಲ್ಲಿ ಎರಡಕ್ಕೂ ಮೊಲವೆಂಬ ಒಂದೇ ಹೆಸರಿರುವುದರಿಂದ ಈ ಗೊಂದಲ. ಬಿಲ ತೋಡುವುದು ರ‍್ಯಾಬಿಟ್. ಅದರ ಮೂಲಸ್ಥಾನ ಸ್ಪೇನ್, ಪೋರ್ಚುಗಲ್ ದೇಶಗಳ ಕಡೆ. ಪೇಟೆಯಲ್ಲಿ ಪಂಜರದಲ್ಲಿಟ್ಟು ಮಾರುವ ಬಿಳಿಯ ಸಾಕುಮೊಲ ಅದರ ಸಂತತಿಯೇ.

ಕಾಡಿನಲ್ಲಿ ಈ ಮೊಲಗಳು ಗುಂಪಾಗಿ ಬಾಳುತ್ತವೆ. ಮುಂಗಾಲಿನಿಂದ ಮಣ್ಣು ಕೆದರಿ, ಹಿಂಗಾಲಿನಿಂದ ಹೊರಕ್ಕೆ ತಳ್ಳಿ, ಒಂದಕ್ಕೊಂದು ಕೂಡಿದ ಸುರಂಗಗಳನ್ನು ಮಾಡುತ್ತವೆ. ಬಾಗಿಲುಗಳು ಹಲವು, ಒಂದರಲ್ಲಿ ವೈರಿ ನುಗ್ಗಿದರೆ ಇನ್ನೊಂದರಿಂದ ಪಾರಾಗಬಹುದು. ಅಪಾಯ ಕಂಡ ಮೊಲ ಹಿಂಗಾಲನ್ನು ನೆಲಕ್ಕೆ ಬಡಿದು ಉಳಿದವಕ್ಕೆ ಎಚ್ಚರಿಕೆ ಕೊಡುತ್ತದೆ. ಹಗಲು ಒಳಗೆ ವಿಶ್ರಾಂತಿ, ಸಂಜೆಗೆ ಹೊರಗೆ ಮೇವು. ಒಮ್ಮೆ ಜೀರ್ಣವಾಗಿ ಬಂದ ಮೆದುವಾದ ಹಿಕ್ಕೆಯನ್ನೇ ಮತ್ತೆ ತಿಂದು, ಹುಲ್ಲಿನ ಸಾರವನ್ನು ಪೂರ್ತಿ ಪಡೆಯುವುದೂ ಅವುಗಳ ಕ್ರಮ.

ಬಿಲದ ಮುಖ್ಯ ಪ್ರಯೋಜನ ಮರಿಗಳಿಗೆ. ಸುಮಾರು 30 ದಿನದ ಗರ್ಭದಿಂದ ಹುಟ್ಟುವ ಮರಿಗಳಿಗೆ ಮೈಮೇಲೆ ಕೂದಲಿಲ್ಲ, ಕಣ್ಣು ತೆರೆದಿರುವುದಿಲ್ಲ. ತಾಯಿ ಹುಲ್ಲನ್ನೂ ತನ್ನ ಹೊಟ್ಟೆಯ ತುಪ್ಪಳವನ್ನೂ ಹಾಸಿ ಗೂಡು ಮಾಡುತ್ತದೆ. ಹೊರಗೆ ಹೋಗುವಾಗ ಎಷ್ಟೋ ಸಲ ಬಾಗಿಲಿಗೆ ಮಣ್ಣು ಮುಚ್ಚುತ್ತದೆ. ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ, ಕೆಲವು ನಿಮಿಷ ಮಾತ್ರ ಬಂದು ಹಾಲೂಡಿಸುತ್ತದೆ. ಪದೇ ಪದೇ ಬಂದರೆ ವೈರಿಗೆ ಜಾಡು ಸಿಕ್ಕುತ್ತದೆ.

ನಮ್ಮ ನಾಡಿನ ಮೊಲದ ರೀತಿಯೇ ಬೇರೆ. ಹುಲ್ಲಿನ ಮರೆಯಲ್ಲಿ ತನ್ನ ಮೈ ಹಿಡಿಯುವಷ್ಟು ತಗ್ಗು ಮಾಡಿಕೊಂಡು, ಕಿವಿಗಳನ್ನು ಬೆನ್ನಿಗೆ ಒತ್ತಿ, ಹಗಲೆಲ್ಲ ಅಲುಗಾಡದೆ ಮಲಗಿರುತ್ತದೆ. ಗರ್ಭದ ಅವಧಿ ಸುಮಾರು ಆರು ವಾರ. ಆದ್ದರಿಂದ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಅಟ್ಟಿಸಿಕೊಂಡು ಬಂದಾಗ ಬೇರೆ ಪ್ರಾಣಿಯ ಬಿಲಕ್ಕೆ ನುಗ್ಗುವುದುಂಟು. ಅದು ಎರವಲು ಮನೆ. ದಿಲ್ಲಿಯ ರಿಡ್ಜ್‌ನಲ್ಲಿ ಕಾಣುವ ದೊಡ್ಡ ಬಿಲ ಮುಳ್ಳುಹಂದಿಯದಾಗಿರಬಹುದು, ಮೊಲದ್ದಲ್ಲ. ದಕ್ಷಿಣದ ಮೊಲಕ್ಕೆ ಕತ್ತಿನ ಹಿಂದೆ ಕಪ್ಪು ಮಚ್ಚೆ ಉಂಟು. ಉತ್ತರದ್ದಕ್ಕೆ ಆ ಕಪ್ಪಿಲ್ಲ, ಬಾಲದ ಮೇಲ್ಭಾಗ ಕೆಂಪುಕಂದು. ಜಾತಿ ಮಾತ್ರ ಒಂದೇ.

ಬಿಲದ ಬಲ ಎಷ್ಟೆಂಬುದನ್ನು ಆಸ್ಟ್ರೇಲಿಯದಲ್ಲಿ ಕಾಣಬಹುದು. 1859ರಲ್ಲಿ ಥಾಮಸ್ ಆಸ್ಟಿನ್ ಎಂಬಾತ ಬೇಟೆಯ ವಿನೋದಕ್ಕಾಗಿ ವಿಕ್ಟೋರಿಯದಲ್ಲಿ ಕೆಲವೇ ರ‍್ಯಾಬಿಟ್‌ಗಳನ್ನು ಬಿಟ್ಟ. ಅವು ಕೋಟಿಗಟ್ಟಲೆಯಾಗಿ ಬೆಳೆದು ಹುಲ್ಲುಗಾವಲನ್ನು ಬೋಳುಮಾಡಿದವು. ಸಾಕುಮೊಲವನ್ನು ಕಂಡಕಂಡಲ್ಲಿ ಬಿಡಬಾರದೆಂಬುದಕ್ಕೆ ಇದೇ ಸಾಕ್ಷಿ.

ಇನ್ನೊಂದು ಮಾತು. ಊರಿನ ಹೊಲದಲ್ಲೋ ಇಲ್ಲಿಯ ಕುರುಚಲಿನಲ್ಲೋ ಒಂಟಿ ಮೊಲದ ಮರಿ ಕಂಡರೆ, ಅನಾಥವೆಂದು ಕನಿಕರಪಟ್ಟು ಎತ್ತಿ ತರುವವರುಂಟು. ಗಾಯಗೊಂಡಿರದ ಮರಿಯನ್ನು ಇದ್ದಲ್ಲೇ ಬಿಡುವುದು ಲೇಸು. ತಾಯಿ ದೂರದಲ್ಲಿದ್ದು ಕತ್ತಲಾದ ಮೇಲೆ ಹಾಲೂಡಿಸಲು ಬರುತ್ತದೆ. ದುಡಿಮೆಗಾಗಿ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೊರಡುವ ನಮಗೆ ಇದು ಅರ್ಥವಾಗದ ಸಂಗತಿಯೇನೂ ಅಲ್ಲ.