‘ಹಾಲು ಸಾಲದು’ ಎನ್ನುವ ಮುನ್ನ

ಚೊಚ್ಚಲ ಬಸುರಿಗೆ ಏಳು ತಿಂಗಳು ತುಂಬುವ ಹೊತ್ತಿಗೆ ಮನೆಯಲ್ಲಿ ನೂರೆಂಟು ತಯಾರಿ. ಸೀಮಂತದ ಸೀರೆ, ತವರಿಗೆ ಕರೆದೊಯ್ಯುವ ದಿನ, ಆಸ್ಪತ್ರೆಗೆ ಒಯ್ಯುವ ಚೀಲ, ಹಳೆಯ ಪಂಚೆ ಹರಿದು ಮಡಚಿಟ್ಟ ಮೆತ್ತನೆಯ ಬಟ್ಟೆ, ಬಾಣಂತನಕ್ಕೆ ಯಾರು ಬರಬೇಕೆಂಬ ಲೆಕ್ಕಾಚಾರ. ಒಂದೊಂದಕ್ಕೂ ಒಬ್ಬೊಬ್ಬರು ಹೊಣೆ ಹೊತ್ತಿರುತ್ತಾರೆ. ಹಾಲೂಡಿಸುವುದರ ಬಗ್ಗೆ ಮಾತ್ರ ಯಾರೂ ಮಾತೆತ್ತುವುದಿಲ್ಲ, ಅದು ತಾನಾಗಿಯೇ ಆಗುತ್ತದೆಂಬ ನಂಬಿಕೆ. ತಾನಾಗಿಯೇ ಆಗುವಂತಿದ್ದರೆ ನಮ್ಮ ಅಂಕಿಅಂಶಗಳು ಬೇರೆಯೇ ಆಗಿರಬೇಕಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ. 88.6ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ನಡೆದಿವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಸಿಕ್ಕಿದ್ದು ಶೇ. 41.8ರಷ್ಟು ಮಕ್ಕಳಿಗೆ ಮಾತ್ರ. ಡಾಕ್ಟರು, ನರ್ಸು ಪಕ್ಕದಲ್ಲೇ ಇದ್ದೂ ಅರ್ಧಕ್ಕಿಂತ ಹೆಚ್ಚು ಕೂಸುಗಳಿಗೆ ಆ ಮೊದಲ ಗಂಟೆ ತಪ್ಪಿಹೋಗುತ್ತಿದೆ. ಇದನ್ನು ತಾಯಂದಿರ ದೇಹದ ಕೊರತೆ ಎನ್ನಲಾಗದು. ಕೊರತೆ ಇರುವುದು ಅವರ ಸುತ್ತಲಿನ ವ್ಯವಸ್ಥೆಯಲ್ಲಿ, ತಯಾರಿಯೂ ಅಲ್ಲೇ ಆಗಬೇಕು ಎಂಬುದು ನನ್ನ ವಾದ.

ದೇಹದ ಮಟ್ಟಿಗೆ ಹೇಳುವುದಾದರೆ, ಅದು ತನ್ನ ಕೆಲಸವನ್ನು ಯಾರನ್ನೂ ಕೇಳದೆ ಮುಗಿಸಿಕೊಳ್ಳುತ್ತದೆ. ನಾಲ್ಕು ತಿಂಗಳು ದಾಟುತ್ತಿದ್ದಂತೆಯೇ ಎದೆಯಲ್ಲಿ ಗಿಣ್ಣುಹಾಲು ತಯಾರಾಗಲು ಶುರುವಾಗುತ್ತದೆ. ಬಸಿರಿನುದ್ದಕ್ಕೂ ಅದು ಹೆಚ್ಚಾಗದಂತೆ ತಡೆಹಿಡಿಯುವುದು ಪ್ರೊಜೆಸ್ಟರಾನ್ ಎಂಬ ಹಾರ್ಮೋನು. ಹೆರಿಗೆಯಾಗಿ ಮಾಸು ಹೊರಬಿದ್ದಾಗ ಆ ಹಾರ್ಮೋನು ಕುಸಿಯುತ್ತದೆ, ತಡೆ ತೆರವಾಗುತ್ತದೆ, ಎರಡರಿಂದ ನಾಲ್ಕು ದಿನದೊಳಗೆ ಎದೆ ತುಂಬಿ ಬರುತ್ತದೆ. ಅಲ್ಲಿಂದಾಚೆಗೆ ಲೆಕ್ಕ ಬದಲಾಗುತ್ತದೆ. ಮಗು ಎಷ್ಟು ಕುಡಿದು ಖಾಲಿ ಮಾಡುತ್ತದೋ ಅಷ್ಟು ಹಾಲು ಮತ್ತೆ ಊರುತ್ತದೆ, ಎದೆಯಲ್ಲೇ ಉಳಿದರೆ ಉತ್ಪಾದನೆ ತಗ್ಗುತ್ತದೆ. ಮುಂದಿನದನ್ನೆಲ್ಲ ಅರ್ಥಮಾಡಿಕೊಳ್ಳಲು ಇದೊಂದು ವಿಷಯ ತಿಳಿದಿದ್ದರೆ ಸಾಕು.

ಹೀಗಿದ್ದೂ ಬಸುರಿಗೆ ಸಿಗುವ ಸಲಹೆಯೆಲ್ಲ ಎದೆಯ ಸುತ್ತಲೇ ಸುತ್ತುತ್ತದೆ. ತೊಟ್ಟನ್ನು ಎಳೆದು ಅಭ್ಯಾಸ ಮಾಡು, ಒರಟು ಬಟ್ಟೆಯಲ್ಲಿ ಉಜ್ಜು, ಎಣ್ಣೆ ಹಚ್ಚು. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ತೊಟ್ಟು ಒಳಸರಿದಿರುವ ಬಸುರಿಯರಿಗೆ ಹೆರಿಗೆಗೆ ಮೊದಲೇ ವ್ಯಾಯಾಮ ಹೇಳಿಕೊಟ್ಟು, ಒಳಉಡುಪಿನೊಳಗೆ ಇಟ್ಟುಕೊಳ್ಳುವ ಚಿಪ್ಪುಗಳನ್ನು ಕೊಟ್ಟು ಬ್ರಿಟನ್ನಿನಲ್ಲಿ ನಡೆಸಿದ ಪ್ರಯೋಗ 1992ರಲ್ಲಿ ಪ್ರಕಟವಾಯಿತು, ಇನ್ನೂ ದೊಡ್ಡದೊಂದು 1994ರಲ್ಲಿ. ಯಾವುದರಿಂದಲೂ ಲಾಭ ಕಾಣಲಿಲ್ಲ. ಮೊದಲ ಪ್ರಯೋಗದಲ್ಲಂತೂ ಚಿಪ್ಪು ಬಳಸಿದವರಲ್ಲಿ ಹಾಲೂಡಿಸುವುದನ್ನು ಮುಂದುವರಿಸಿದವರು ಕಡಿಮೆಯಾದರು. ಇದರಲ್ಲಿ ಅಚ್ಚರಿಯಿಲ್ಲ. ಮಗು ತೊಟ್ಟನ್ನಷ್ಟೇ ಚೀಪುವುದಿಲ್ಲ, ತೊಟ್ಟಿನ ಸುತ್ತಲಿನ ಕಪ್ಪು ಭಾಗವನ್ನೂ ಬಾಯಿ ತುಂಬ ಹಿಡಿದು ಹಾಲೆಳೆಯುತ್ತದೆ. ಆ ಚರ್ಮವನ್ನು ಮೆದುವಾಗಿಡುವ ಸಣ್ಣ ಗ್ರಂಥಿಗಳು ಅಲ್ಲೇ ಇವೆ, ಸೋಪು ಹಾಕಿ ಉಜ್ಜಿದರೆ ಅವುಗಳ ಕೆಲಸ ಕೆಡುವುದಷ್ಟೇ. ತೊಟ್ಟು ಒಳಸರಿದಿದೆಯೆಂದು ಬಸಿರಿನಲ್ಲೇ ಹೆದರಿಸಿಟ್ಟರೆ ಆ ತಾಯಿ ಸೋಲನ್ನು ಎದುರುನೋಡುತ್ತಲೇ ಹೆರಿಗೆಗೆ ಹೋಗುತ್ತಾಳೆ.

ಹಾಗಾದರೆ ತಾಯಿಗೆ ಪಾಠ ಹೇಳಿದರೆ ಆಯಿತಲ್ಲವೇ? ಅದನ್ನೂ ಅಳೆದು ನೋಡಿದ್ದಾರೆ, ಉತ್ತರ ತುಸು ಮುಜುಗರದ್ದು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ಪರಿಶೀಲನೆಯಲ್ಲಿ, ಹೆರಿಗೆಗೆ ಮುನ್ನ ಕೊಡುವ ತಿಳಿವಳಿಕೆ ತರಗತಿಗಳಿಂದಲೇ ಹಾಲೂಡಿಸುವುದು ಹೆಚ್ಚಾಗುತ್ತದೆಂಬುದಕ್ಕೆ ಗಟ್ಟಿಯಾದ ಪುರಾವೆ ಸಿಗಲಿಲ್ಲ. ಆ ಅಧ್ಯಯನಗಳಲ್ಲಿ ಬಹುಪಾಲು ಶ್ರೀಮಂತ ದೇಶಗಳವು, ನಿಜ. ಆದರೆ ಅದೇ ಸಂಸ್ಥೆಯ ಇತರ ಪರಿಶೀಲನೆಗಳು ಎರಡು ವಿಷಯಗಳಿಂದ ಉಪಯೋಗವಿದೆ ಎನ್ನುತ್ತವೆ: ಹುಟ್ಟಿದ ಕೂಡಲೇ ಮಗುವನ್ನು ಬಟ್ಟೆಯ ತಡೆಯಿಲ್ಲದೆ ತಾಯಿಯ ಎದೆಯ ಮೇಲೆ ಮಲಗಿಸುವುದು, ಹೆರಿಗೆಯ ನಂತರ ಬಲ್ಲವರೊಬ್ಬರು ಮತ್ತೆ ಮತ್ತೆ ಬಂದು ನೆರವಾಗುವುದು. ಎರಡೂ ತಾಯಿಯೊಬ್ಬಳ ಕೈಯಲ್ಲಿಲ್ಲ. ಮಗುವನ್ನು ಎದೆಯ ಮೇಲೆ ಮಲಗಿಸಬೇಕಾದವರು ಹೆರಿಗೆ ಕೋಣೆಯಲ್ಲಿರುವವರು, ನೆರವಾಗಬೇಕಾದವರು ಮನೆಯವರು ಮತ್ತು ಆರೋಗ್ಯ ಕಾರ್ಯಕರ್ತೆಯರು. ಬಸುರಿಯ ಕೈಗೊಂದು ಕರಪತ್ರ ಕೊಟ್ಟು ಕರ್ತವ್ಯ ಮುಗಿಯಿತೆನ್ನುವವರು ಇದನ್ನು ಗಮನಿಸಬೇಕು.

ಆ ಮೊದಲ ಗಂಟೆಗೆ ಇಷ್ಟೊಂದು ಮಹತ್ವವೇಕೆ ಎಂದು ಕೇಳುವವರಿದ್ದಾರೆ. ಘಾನಾ ದೇಶದ ಹಳ್ಳಿಗಳಲ್ಲಿ ಸುಮಾರು 11 ಸಾವಿರ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ದಿನ ಕಳೆದ ಮೇಲೆ ಎದೆಹಾಲು ಶುರುವಾದ ಮಕ್ಕಳು ಮೊದಲ ತಿಂಗಳಲ್ಲೇ ಸಾಯುವ ಅಪಾಯ, ಮೊದಲ ದಿನವೇ ಕುಡಿದವರಿಗಿಂತ 2.4 ಪಟ್ಟು ಇತ್ತು. ನಿತ್ರಾಣಗೊಂಡ ಮಗುವಿಗೇ ಹಾಲು ತಡವಾಗಿರಬಹುದಲ್ಲ ಎಂಬ ಪ್ರಶ್ನೆ ಸಹಜ. ಸಾವಿನ ಅಪಾಯ ಹೆಚ್ಚಿದ್ದ ಮಕ್ಕಳನ್ನು ಬಿಟ್ಟು ಲೆಕ್ಕಹಾಕಿದಾಗಲೂ ವ್ಯತ್ಯಾಸ ಹೆಚ್ಚೂಕಡಿಮೆ ಹಾಗೆಯೇ ಉಳಿಯಿತು. ಆ ಗಂಟೆ ತಪ್ಪಿಸಲು ಆಪರೇಷನ್ನೂ ಒಂದು ನೆಪ. ಕರ್ನಾಟಕದಲ್ಲೀಗ ಹತ್ತರಲ್ಲಿ ಮೂರಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್. ‘ಆಪರೇಷನ್ ಆದವಳು, ಹಾಲೆಲ್ಲಿಂದ ಬಂದೀತು’ ಎಂಬ ಮಾತು ಅಷ್ಟೇ ಸಾಮಾನ್ಯ. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಮಾಡುವ ಆಪರೇಷನ್ನಿನಲ್ಲಿ ತಾಯಿ ಎಚ್ಚರವಾಗಿಯೇ ಇರುತ್ತಾಳೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರೆ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಚ್ಚಲು ಅಡ್ಡಿಯಿಲ್ಲ. ಹೊಲಿಗೆಗೆ ಭಾರ ಬೀಳದಂತೆ ಪಕ್ಕಕ್ಕೆ ಮಲಗಿ, ಇಲ್ಲವೇ ಮಗುವನ್ನು ಕಂಕುಳಡಿ ಹಿಡಿದು ಕುಡಿಸಬಹುದು. ಬೇಕಾದದ್ದು ಮಗುವನ್ನು ತಂದುಕೊಡುವ, ಹಿಡಿದು ತೋರಿಸುವ ಒಂದು ಜೊತೆ ಕೈ. ಆದ್ದರಿಂದ ಎಂಟನೇ ತಿಂಗಳ ತಪಾಸಣೆಗೆ ಹೋದಾಗಲೇ ಗಂಡನೋ ತಾಯಿಯೋ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಮಗುವನ್ನು ತಾಯಿಯ ಪಕ್ಕದಲ್ಲೇ ಇಡುತ್ತಾರೆಯೇ? ಸಿಸೇರಿಯನ್ ಆದರೆ ಯಾವಾಗ ಎದೆಗೆ ಕೊಡುತ್ತಾರೆ? ನಮ್ಮನ್ನು ಕೇಳದೆ ಡಬ್ಬಿ ಹಾಲು ಕುಡಿಸುವ ರೂಢಿಯುಂಟೇ? ಇದನ್ನೆಲ್ಲ ಕೇಳುವುದು ಅಧಿಕಪ್ರಸಂಗವಲ್ಲ. ಮಗುವಿನ ಹಾಲಿನ ಪುಡಿಯ ಜಾಹೀರಾತು, ಉಚಿತ ಡಬ್ಬಿ ಹಂಚಿಕೆ, ಆರೋಗ್ಯ ಸಿಬ್ಬಂದಿಗೆ ಕಂಪನಿಗಳ ಉಡುಗೊರೆ ಇವೆಲ್ಲವನ್ನೂ ನಮ್ಮ ದೇಶದ ಕಾನೂನು 1992ರಲ್ಲೇ ನಿಷೇಧಿಸಿದೆ, 2003ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು.

ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಗಂಟು ಇರುವುದು ಎರಡನೇ, ಮೂರನೇ ರಾತ್ರಿಯಲ್ಲಿ. ಎದೆ ಇನ್ನೂ ತುಂಬಿ ಬಂದಿಲ್ಲ. ಕೂಸು ಗಂಟೆಗೊಮ್ಮೆ ಎದ್ದು ಅಳುತ್ತದೆ, ಎದೆ ಬಿಡಿಸಿದರೆ ಮತ್ತೆ ಬಾಯಿ ತೆರೆಯುತ್ತದೆ. ಕೋಣೆಯಲ್ಲಿರುವ ಯಾರೋ ಒಬ್ಬರು ‘ಪಾಪ, ಹಾಲು ಸಾಲದು’ ಎಂದುಬಿಡುತ್ತಾರೆ. ಅಲ್ಲಿಂದ ಡಬ್ಬಿ ಹಾಲು ಬರುತ್ತದೆ, ಹೊಟ್ಟೆ ತುಂಬಿದ ಮಗು ನಾಲ್ಕು ತಾಸು ಮಲಗುತ್ತದೆ, ಆ ನಾಲ್ಕು ತಾಸು ಎದೆ ಖಾಲಿಯಾಗುವುದಿಲ್ಲ, ಖಾಲಿಯಾಗದ ಎದೆಯಲ್ಲಿ ಹಾಲು ಊರುವುದು ಕಡಿಮೆಯಾಗುತ್ತದೆ. ವಾರ ಕಳೆಯುವಷ್ಟರಲ್ಲಿ ಆ ಮಾತು ನಿಜವಾಗಿಬಿಟ್ಟಿರುತ್ತದೆ! ಮೊದಲ ದಿನ ಆರೋಗ್ಯವಂತ ಮಗು ಒಂದು ಸಲಕ್ಕೆ ಕುಡಿಯುವುದು 2ರಿಂದ 10 ಮಿಲಿಲೀಟರ್, ಎಂದರೆ ಎರಡು ಚಮಚದೊಳಗೆ. ಮೂರನೇ ದಿನಕ್ಕೆ 15ರಿಂದ 30. ಮಗು ಮತ್ತೆ ಮತ್ತೆ ಚೀಪುವುದು ಮುಂದಿನ ದಿನಗಳ ಹಾಲಿಗೆ ಅದು ಸಲ್ಲಿಸುವ ಬೇಡಿಕೆ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುವುದು ಸಹಜ. ಹುಟ್ಟಿದಾಗಿನ ತೂಕದಲ್ಲಿ ಶೇ. 7ರಷ್ಟು ಇಳಿದರೂ ಗಾಬರಿ ಬೇಡ, ಎರಡು ವಾರದೊಳಗೆ ಅದು ಮರಳುತ್ತದೆ. ಅಳುವನ್ನು ಅಳತೆಗೋಲು ಮಾಡಿಕೊಳ್ಳುವುದಕ್ಕಿಂತ ಬಟ್ಟೆ ಎಣಿಸುವುದು ಒಳ್ಳೆಯದು. ಐದನೇ ದಿನದಿಂದಾಚೆಗೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ, ಕಪ್ಪಗಿದ್ದ ಮಲ ಹಳದಿಗೆ ತಿರುಗಿದ್ದರೆ ಹಾಲು ಸಾಕಾಗುತ್ತಿದೆ. ಕುಡಿಸುವಾಗ ತೊಟ್ಟು ತೀರಾ ನೋಯುತ್ತಿದ್ದರೆ ಮಗು ಹಿಡಿದ ರೀತಿ ಸರಿಯಿಲ್ಲವೆಂದು ಅರ್ಥ. ಬಾಯಿ ಅಗಲವಾಗಿ ತೆರೆದಿರಬೇಕು, ಗದ್ದ ಎದೆಗೆ ತಾಗಿರಬೇಕು, ಕೆಳತುಟಿ ಹೊರಮಡಚಿರಬೇಕು. ಈ ಲೆಕ್ಕವನ್ನು ತಾಯಿಗಿಂತ ಮೊದಲು ತಿಳಿದಿರಬೇಕಾದವರು ಆ ರಾತ್ರಿ ಪಕ್ಕದಲ್ಲಿ ಕೂರುವವರು. ನಿದ್ದೆಗೆಟ್ಟು, ಹೊಲಿಗೆ ಎಳೆಯುತ್ತಿರುವ ಹೆಂಗಸು ನಡುರಾತ್ರಿ ಹಿರಿಯರೊಂದಿಗೆ ವಾದ ಹೂಡಲಾರಳು.

ಚೊಚ್ಚಲ ಬಾಣಂತನ ತವರಿನಲ್ಲಿ ಎಂಬ ನಮ್ಮ ಪದ್ಧತಿ ಈ ದೃಷ್ಟಿಯಿಂದ ದೊಡ್ಡ ಆಸರೆ, ಅಷ್ಟೇ ದೊಡ್ಡ ತೊಡಕು. ಮಗಳಿಗೆ ವಿಶ್ರಾಂತಿ, ಬಿಸಿನೀರು, ಬಿಸಿ ಊಟ ಸಿಗುತ್ತದೆ. ಆದರೆ ಮಗುವಿನ ಬಾಯಿಗೆ ಮೊದಲು ಏನು ಹೋಗಬೇಕೆಂಬುದನ್ನು ನಿರ್ಧರಿಸುವುದು ಅಜ್ಜಿ. ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ, ತೇಯ್ದ ಬಜೆ – ಊರಿಗೊಂದು, ಮನೆಗೊಂದು. ವರ್ಷ ತುಂಬದ ಮಗುವಿಗೆ ಜೇನು ಅಪಾಯಕಾರಿ, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಗರುಳಿನಲ್ಲಿ ವಿಷ ಬಿಡುತ್ತದೆ. ಹಸು ಕರು ಹಾಕಿದರೆ ಗಿಣ್ಣನ್ನು ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ನೆರೆಮನೆಗೂ ಹಂಚಿ ತಿನ್ನುವ ನಾವೇ, ತಾಯಿಯ ಗಿಣ್ಣುಹಾಲನ್ನು ಮಾತ್ರ ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿದ್ದೇವೆ. ಬಾಣಂತಿಯ ಪಥ್ಯದಲ್ಲೂ ಎರಡು ಬಗೆಯಿದೆ. ಸಬ್ಬಸಿಗೆ ಸೊಪ್ಪು, ಮೆಂತ್ಯ, ಬೆಳ್ಳುಳ್ಳಿ, ಅಂಟಿನುಂಡೆ, ಅಳ್ವಿ ಪಾಯಸ ಇವುಗಳಿಂದಲೇ ಹಾಲು ಹೆಚ್ಚುತ್ತದೆಂಬುದಕ್ಕೆ ಪುರಾವೆ ತೆಳ್ಳಗಿದೆ. ಆದರೂ ಉಣ್ಣಲಿ, ರುಚಿಯಾಗಿವೆ, ಪೌಷ್ಟಿಕವಾಗಿವೆ. ತೊಂದರೆಯಿರುವುದು ಬೇಡವೆನ್ನುವ ಪಟ್ಟಿಯಲ್ಲಿ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಹಣ್ಣು ತಿಂದರೆ ಕೂಸಿಗೆ ಶೀತ, ಬೇಳೆ ತಿಂದರೆ ವಾಯು ಎನ್ನುತ್ತಾ ತಟ್ಟೆಯನ್ನೇ ಬರಿದು ಮಾಡುತ್ತಾರೆ. ಹಾಲೂಡಿಸುವ ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚು ಆಹಾರ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಹಿರಿಯರ ಮನ ಒಲಿಸಬೇಕಾದದ್ದು ಹೆರಿಗೆಯಾದ ಮೇಲಲ್ಲ, ಸೀಮಂತದ ಹೊತ್ತಿಗೇ. ತಪಾಸಣೆಗೆ ಅಮ್ಮನನ್ನೋ ಅಜ್ಜಿಯನ್ನೋ ಜೊತೆಗೆ ಕರೆದೊಯ್ದು ಡಾಕ್ಟರ ಬಾಯಿಂದಲೇ ಕೇಳಿಸುವುದು ಮನೆಯ ಜಗಳಕ್ಕಿಂತ ಸಲೀಸು.

‘ನಮ್ಮ ಕಾಲದಲ್ಲಿ ಯಾವ ತಯಾರಿಯೂ ಇರಲಿಲ್ಲ, ಹತ್ತು ಹೆತ್ತೆವು’ ಎನ್ನುವವರಿಗೆ ಉತ್ತರವಿದೆ. ತಯಾರಿ ಇತ್ತು, ಅದನ್ನು ತಯಾರಿಯೆಂದು ಯಾರೂ ಕರೆಯುತ್ತಿರಲಿಲ್ಲ ಅಷ್ಟೇ. ತುಂಬಿದ ಮನೆಯಲ್ಲಿ ಬೆಳೆದ ಹುಡುಗಿ ಚಿಕ್ಕಮ್ಮ, ಅತ್ತಿಗೆ, ಅಕ್ಕಂದಿರು ಹಾಲೂಡಿಸುವುದನ್ನು ನೋಡುತ್ತಲೇ ದೊಡ್ಡವಳಾಗುತ್ತಿದ್ದಳು. ಇಂದು ಎಷ್ಟೋ ಹೆಂಗಸರು ಹತ್ತಿರದಿಂದ ಹಿಡಿದ ಮೊದಲ ಎಳೆಗೂಸು ತಮ್ಮದೇ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಎದೆಹಾಲಿನ ಗುಣಗಾನ ಮಾಡಿ ಮಾಡಿ, ಅದು ಸಾಧ್ಯವಾಗದ ತಾಯಿಯಲ್ಲಿ ಅಪರಾಧಿ ಭಾವ ತುಂಬುತ್ತಿದ್ದೇವೆ ಎಂಬುದು. ಒಪ್ಪಬೇಕಾದ ಮಾತು. ಥೈರಾಯ್ಡ್ ತೊಂದರೆ, ಮಧುಮೇಹ, ಹೆರಿಗೆಯಲ್ಲಿ ತೀವ್ರ ರಕ್ತಸ್ರಾವ, ಹಿಂದೆ ಎದೆಗೆ ಆಗಿದ್ದ ಶಸ್ತ್ರಚಿಕಿತ್ಸೆ ಇವುಗಳಿಂದ ಹಾಲು ತಡವಾಗಬಹುದು, ನಿಜವಾಗಿಯೂ ಕಡಿಮೆಯಾಗಬಹುದು. ತೂಕ ಶೇ. 10ಕ್ಕಿಂತ ಹೆಚ್ಚು ಇಳಿದರೆ, ಉಚ್ಚೆ ಕಡಿಮೆಯಾದರೆ, ಮಗು ಮಂಕಾಗಿ ಕುಡಿಯಲು ಏಳದಿದ್ದರೆ, ಕಾಮಾಲೆ ಏರಿದರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಆಗ ಡಾಕ್ಟರು ಹೇಳಿದ ಮೇಲುಹಾಲು ಔಷಧಿಯಿದ್ದಂತೆ, ಅದರಲ್ಲಿ ಸೋಲೇನೂ ಇಲ್ಲ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಂಥ ಕಡೆ ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗಾಗಿ ಎದೆಹಾಲಿನ ಬ್ಯಾಂಕೂ ಇದೆ. ತಯಾರಿ ಬೇಕೆನ್ನುವ ವಾದ ಈ ಆಕ್ಷೇಪಕ್ಕೆ ವಿರುದ್ಧವೂ ಅಲ್ಲ. ಹೊಣೆಯನ್ನು ಮನೆ, ಆಸ್ಪತ್ರೆಗಳಿಗೂ ಹಂಚಿದಾಗ ತಪ್ಪೆಲ್ಲ ತಾಯಿಯ ತಲೆಗೇ ಬರುವುದಿಲ್ಲ.

ಕೆಲಸಕ್ಕೆ ಹೋಗುವವರ ಪಾಡು ಬೇರೆ. 2017ರ ತಿದ್ದುಪಡಿಯ ನಂತರ ಕಾನೂನು 26 ವಾರಗಳ ಹೆರಿಗೆ ರಜೆ ಕೊಡುತ್ತದೆ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆರಡು ಸಲ ಹಾಲೂಡಿಸುವ ಬಿಡುವಿದೆ, 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರವಿರಬೇಕು. ಕೂಲಿಗೆ, ಮನೆಗೆಲಸಕ್ಕೆ ಹೋಗುವವರಿಗೆ ಇದ್ಯಾವುದೂ ದಕ್ಕುವುದಿಲ್ಲ. ಮೊದಲ ಮಗುವಿಗೆ ಮಾತೃವಂದನಾ ಯೋಜನೆಯಲ್ಲಿ ಸಿಗುವ 5,000 ರೂಪಾಯಿಯಲ್ಲಿ ಆರು ತಿಂಗಳು ಮನೆಯಲ್ಲಿ ಕೂರಲಾಗದು. ಅಂಥ ತಾಯಿಗೆ ಕೈಯಿಂದ ಹಾಲು ಹಿಂಡಿಡುವುದನ್ನು, ಲೋಟದಿಂದಲೋ ಒಳಲೆಯಿಂದಲೋ ಕುಡಿಸುವುದನ್ನು ಮೊದಲೇ ಕಲಿಸಿಕೊಟ್ಟರೆ ಒಂದಿಷ್ಟು ಅನುಕೂಲ.

ಕಲಿಸುವವರು ಯಾರು ಎಂದರೆ, ವ್ಯವಸ್ಥೆ ಆಗಲೇ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು ಮತ್ತು ನಲವತ್ತೆರಡನೇ ದಿನ ಬರಬೇಕೆಂಬ ನಿಯಮವಿದೆ. ‘ಹಾಲು ಸಾಲದು’ ಎಂಬ ಮಾತು ಏಳುವ ಹೊತ್ತಿಗೇ ಮೊದಲ ಭೇಟಿ. ಆದರೆ ತಾಯಿ ಕಾರ್ಡ್ ಮಾಡಿಸಿದ್ದು ಗಂಡನ ಊರಿನಲ್ಲಿ, ಬಾಣಂತಿ ಇರುವುದು ತವರಿನಲ್ಲಿ ಎಂದಾದರೆ ಅವಳು ಬಂದಿರುವುದು ಅಲ್ಲಿನ ಆಶಾಗೆ ಗೊತ್ತಾಗದೇ ಹೋಗಬಹುದು. ಮಗಳನ್ನು ಕರೆತಂದ ವಾರದೊಳಗೆ ಕಾರ್ಡ್ ಹಿಡಿದು ಊರಿನ ಅಂಗನವಾಡಿಗೋ ಉಪಕೇಂದ್ರಕ್ಕೋ ಹೋಗಿ, ಹೆರಿಗೆಯ ದಿನಾಂಕ ಬರೆಸಿ, ಆಶಾ ಕಾರ್ಯಕರ್ತೆಯ ಫೋನ್ ನಂಬರ್ ತಂದಿಟ್ಟುಕೊಳ್ಳುವುದು ಅರ್ಧ ದಿನದ ಕೆಲಸ. ಅದನ್ನು ಮಗುವಿನ ಅಪ್ಪನೋ ಅಜ್ಜನೋ ಮಾಡಬಹುದು.